ಶೇಕಡಾ 22ರ ಗೆಲುವು

2002ರ ಜೂನ್ 30ರಂದು ಬೊಲಿವಿಯಾದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಮೊದಲನೇ ಸ್ಥಾನಕ್ಕೆ ಬಂದವರಿಗೆ ಸಿಕ್ಕಿದ್ದು ಶೇಕಡಾ 22.5ರಷ್ಟು ಓಟು. ಎರಡನೆಯವರಿಗೂ ಮೂರನೆಯವರಿಗೂ ಹೆಚ್ಚುಕಮ್ಮಿ ಒಂದೇ, ಶೇಕಡಾ 20.9. ಅವರಿಬ್ಬರ ನಡುವಿನ ಅಂತರ ಇಡೀ ದೇಶಕ್ಕೆ ಸೇರಿ ಸಾವಿರ ಓಟೂ ಇರಲಿಲ್ಲ. ಓಟು ಹಾಕಿದ ನೂರು ಜನರಲ್ಲಿ ಎಪ್ಪತ್ತೇಳು ಮಂದಿ ಬೇರೆ ಯಾರನ್ನೋ ಆರಿಸಿದ್ದರು. ಆದರೂ ಆಗಸ್ಟ್ 6ರಂದು, ಆ ದೇಶದ ಸ್ವಾತಂತ್ರ್ಯ ದಿನದಂದೇ, ಗೊಂಜಾಲೊ ಸಾಂಚೆಜ್ ದೆ ಲೊಸಾದಾ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡರು. ಹದಿನಾಲ್ಕು ತಿಂಗಳಲ್ಲಿ ದೇಶ ಬಿಟ್ಟು ಹೋಗಬೇಕಾಯಿತು.

ಅಮೆರಿಕದ ಚುನಾವಣಾ ಸಲಹೆಗಾರರ ನೆರವಿನಿಂದ ಅವರು ಆ ಚುನಾವಣೆಯನ್ನು ಹೇಗೆ ಗೆದ್ದರು ಅನ್ನೋದನ್ನು ಒಳಗೇ ಕೂತು ಚಿತ್ರೀಕರಿಸಿದವರು ಅಮೆರಿಕದ ರೇಚೆಲ್ ಬಾಯ್ಂಟನ್. 2005ರಲ್ಲಿ ಬಂದ ಆ ಸಾಕ್ಷ್ಯಚಿತ್ರದ ಹೆಸರು 'ಅವರ್ ಬ್ರ್ಯಾಂಡ್ ಈಸ್ ಕ್ರೈಸಿಸ್', ಅಂದರೆ 'ಬಿಕ್ಕಟ್ಟೇ ನಮ್ಮ ಬ್ರ್ಯಾಂಡ್'. ಹತ್ತು ವರ್ಷದ ನಂತರ, 2015ರಲ್ಲಿ, ಅದೇ ಹೆಸರಿನಲ್ಲಿ ಸ್ಯಾಂಡ್ರಾ ಬುಲಕ್ ನಟಿಸಿದ ಕಥಾಚಿತ್ರವೂ ಬಂತು. ಜನರಿಗೆ ಗೊತ್ತಿರುವುದು ಜಾಸ್ತಿ ಅದೇ. ಎರಡನ್ನೂ ನೋಡಿದೆ, ಸಾಕ್ಷ್ಯಚಿತ್ರವನ್ನು ಮತ್ತೊಮ್ಮೆ ನೋಡಿದೆ. ತಲೆಯಿಂದ ಹೋಗ್ತಾನೇ ಇಲ್ಲ. ಈ ಬರಹ ಮುಖ್ಯವಾಗಿ ಸಾಕ್ಷ್ಯಚಿತ್ರದ ಬಗ್ಗೆ.

ಬೊಲಿವಿಯಾದ ಜನ ಸಾಂಚೆಜ್ ದೆ ಲೊಸಾದಾ ಅವರನ್ನು 'ಗೋನಿ' ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಇವರು ಹುಟ್ಟಿದ್ದು 1930ರಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ, ಓದಿದ್ದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಸ್ವಂತ ಗಣಿ ಕಂಪನಿ ಇದ್ದ ದೊಡ್ಡ ಶ್ರೀಮಂತ. ಸ್ಪ್ಯಾನಿಷ್ ಮಾತಾಡಿದರೆ ಅಮೆರಿಕದವರು ಮಾತಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಅವರಿಗೆ 'ಗ್ರಿಂಗೊ', ಅಂದರೆ ಅಮೆರಿಕದವನು, ಅನ್ನೋ ಹೆಸರೂ ಅಂಟಿಕೊಂಡಿತ್ತು. ಮನುಷ್ಯ ದಡ್ಡರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. 1985ರಲ್ಲಿ ಬೊಲಿವಿಯಾದ ಹಣದುಬ್ಬರ ವರ್ಷಕ್ಕೆ ಸಾವಿರಗಟ್ಟಲೆ ಶೇಕಡಾ ಏರಿದ್ದಾಗ ಅದನ್ನು ನಿಲ್ಲಿಸಿದ 21060 ಸಂಖ್ಯೆಯ ಆದೇಶದ ಹಿಂದಿದ್ದವರಲ್ಲಿ ಗೋನಿ ಪ್ರಮುಖರು. 1993ರಿಂದ 1997ರವರೆಗೆ ಮೊದಲ ಸಲ ಅಧ್ಯಕ್ಷರಾಗಿದ್ದಾಗ ಐಮರಾ ಎಂಬ ಮೂಲನಿವಾಸಿ ಸಮುದಾಯದ ವಿಕ್ಟರ್ ಹ್ಯೂಗೋ ಕಾರ್ದೆನಾಸ್ ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿಕೊಂಡರು. ದೇಶದ ತೆರಿಗೆ ಹಣದಲ್ಲಿ ಶೇಕಡಾ 20ರಷ್ಟನ್ನು ನೇರವಾಗಿ ಸ್ಥಳೀಯ ಆಡಳಿತಗಳಿಗೆ ಕೊಡುವ ಕಾನೂನು ತಂದರು. 65 ದಾಟಿದವರಿಗೆ 1997ರಲ್ಲಿ 248 ಡಾಲರ್ ಪಿಂಚಣಿ ಕೊಟ್ಟರು. ಅಲ್ಲಿನ ಹಳ್ಳಿಯ ಮುದುಕರಿಗೆ ಅದು ಸಣ್ಣ ಮೊತ್ತ ಆಗಿರಲಿಲ್ಲ.

ಆದರೆ 21060ಕ್ಕೆ ಇನ್ನೊಂದು ಮುಖ ಇತ್ತು. ತವರದ ಬೆಲೆ ಕುಸಿದಿತ್ತು, ಸರ್ಕಾರಿ ಗಣಿಗಳನ್ನು ಮುಚ್ಚಿದರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಮನೆಗೆ ಕಳಿಸಿದರು. ಆ ಕುಟುಂಬಗಳು ಎಲ್ಲಿಗೆ ಹೋಗಬೇಕು? ಕೆಲವರು ಬೆಟ್ಟ ಇಳಿದು ಚಪಾರೆ ಎಂಬ ಮಳೆಕಾಡಿನ ಸೀಮೆಗೆ ಹೋಗಿ ಕೋಕಾ (ಕೊಕೇನ್ ತಯಾರಿಸಲು ಬಳಸುವ ಎಲೆ) ಬೆಳೆಯಲು ಶುರು ಮಾಡಿದರು. ಇನ್ನು ಕೆಲವರು ಲಾ ಪಾಜ್ ನಗರದ ಮೇಲ್ಗಡೆ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದ ಬಯಲಿನಲ್ಲಿರುವ ಎಲ್ ಆಲ್ಟೋಗೆ ಬಂದು ಇಟ್ಟಿಗೆ ಮನೆ ಕಟ್ಟಿಕೊಂಡರು. ಈ ಎರಡು ಜಾಗಗಳ ಹೆಸರು ನೆನಪಿಟ್ಟುಕೊಳ್ಳಿ. ಹದಿನೇಳು ವರ್ಷದ ಮೇಲೆ ಗೋನಿ ಮತ್ತೆ ಓಟು ಕೇಳಲು ಬಂದಾಗ ಎದುರಿಗಿದ್ದ ಚಪಾರೆಯ ಕೋಕಾ ರೈತರ ನಾಯಕನ ಹೆಸರು ಇವೋ ಮೊರಾಲಿಸ್. ಗೋನಿಯನ್ನು ಕೊನೆಗೆ ಕೆಳಗಿಳಿಸಿದ್ದು ಎಲ್ ಆಲ್ಟೋ.

ಇನ್ನು ಸಲಹೆಗಾರರು. ಗ್ರೀನ್‌ಬರ್ಗ್, ಕಾರ್ವಿಲ್, ಶ್ರಮ್ ಎಂಬ ಮೂವರ ಹೆಸರಿನಲ್ಲಿ ನಡೆಯುತ್ತಿದ್ದ ವಾಷಿಂಗ್ಟನ್ ಸಂಸ್ಥೆ ಅದು. ಜೇಮ್ಸ್ ಕಾರ್ವಿಲ್ ಮತ್ತು ಸ್ಟ್ಯಾನ್ ಗ್ರೀನ್‌ಬರ್ಗ್ 1992ರಲ್ಲಿ ಬಿಲ್ ಕ್ಲಿಂಟನ್ ಅವರನ್ನು ಗೆಲ್ಲಿಸಿದ ತಂಡದವರು. ಗ್ರೀನ್‌ಬರ್ಗ್ 1994ರಲ್ಲಿ ಮಂಡೇಲಾ ಅವರ ಪಕ್ಷಕ್ಕೆ ಸಮೀಕ್ಷೆ ಮಾಡಿಕೊಟ್ಟವರು. 1999ರಲ್ಲಿ ಇಸ್ರೇಲಿನಲ್ಲಿ ಎಹುದ್ ಬರಾಕ್ ಗೆಲುವಿನ ಹಿಂದೆಯೂ ಈ ಮೂವರಿದ್ದರು. ಬೊಲಿವಿಯಾದಲ್ಲಿ ದಿನನಿತ್ಯದ ಕೆಲಸ ನೋಡಿಕೊಂಡವರು ಜೆರೆಮಿ ರೋಸ್ನರ್, ಕ್ಲಿಂಟನ್ ಸರ್ಕಾರದಲ್ಲಿ ಕೆಲಸ ಮಾಡಿದ್ದ ಸಮೀಕ್ಷಕ. ಜಾಹೀರಾತಿನ ಕಡೆ ಟ್ಯಾಡ್ ಡಿವೈನ್. ಕಾರ್ವಿಲ್ ಆಗಾಗ ಬಂದು ಹೋಗುತ್ತಾರೆ, ಬಂದಾಗೆಲ್ಲ ಕೋಣೆ ತುಂಬಾ ಅವರೇ.

ಇವರನ್ನು ದುಷ್ಟರು ಅಂತ ತಳ್ಳಿಹಾಕೋದು ಬಹಳ ಸುಲಭ. ಚಿತ್ರ ಆ ಸುಲಭದ ದಾರಿ ಹಿಡಿಯೋದಿಲ್ಲ. ರೋಸ್ನರ್ ಮನಸ್ಸಿಟ್ಟು ಕೆಲಸ ಮಾಡುತ್ತಾರೆ. ಗೋನಿ ಗೆದ್ದರೆ ಬೊಲಿವಿಯಾಕ್ಕೆ ಒಳ್ಳೆಯದಾಗುತ್ತದೆ ಅನ್ನೋದನ್ನು ನಿಜವಾಗಿಯೂ ನಂಬಿದ್ದಾರೆ. ಪ್ರಜಾಪ್ರಭುತ್ವ, ಮುಕ್ತ ಮಾರುಕಟ್ಟೆ, ಜೊತೆಗೆ ಬಡವರ ಬಗ್ಗೆ ಒಂದಿಷ್ಟು ಕಾಳಜಿ: ಇದು ಅವರ ಲೋಕದೃಷ್ಟಿ. ತೊಂಬತ್ತರ ದಶಕದಲ್ಲಿ ಆ ದೃಷ್ಟಿ ಅರ್ಧ ಜಗತ್ತಿನಲ್ಲಿ ಚಲಾವಣೆಯಲ್ಲಿತ್ತು. ನಮ್ಮಲ್ಲೂ ಇತ್ತು ಅಲ್ವಾ?

ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಫೋಕಸ್ ಗ್ರೂಪಿನ ದೃಶ್ಯಗಳು. ಒಂದು ಕೋಣೆಯಲ್ಲಿ ಸಾಮಾನ್ಯ ಬೊಲಿವಿಯನ್ನರು ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬರು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ, ಇವರು ಉತ್ತರ ಕೊಡುತ್ತಾ ಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ ಸಲಹೆಗಾರರು. ನಡುವೆ ಒಂದೇ ಕಡೆಯಿಂದ ಕಾಣುವ ಗಾಜು. ಗೋನಿ ಬಗ್ಗೆ ಏನನ್ನಿಸುತ್ತೆ ಅಂತ ಕೇಳಿದರೆ ಜನ ಮುಚ್ಚುಮರೆ ಮಾಡೋದಿಲ್ಲ. ದೇಶದ ಆಸ್ತಿ ಮಾರಿದವರು ಅನ್ನುತ್ತಾರೆ, ಸೊಕ್ಕಿನವರು ಅನ್ನುತ್ತಾರೆ. ಕೆಲಸ ಇಲ್ಲ, ದುಡ್ಡಿಲ್ಲ, ಮಕ್ಕಳಿಗೆ ಮುಂದೆ ದಾರಿಯಿಲ್ಲ ಅನ್ನುತ್ತಾರೆ. ಸಿಟ್ಟು ಇದೆ, ಆದರೆ ಕೂಗಾಟ ಇಲ್ಲ. ಇದನ್ನೆಲ್ಲ ಎಷ್ಟೋ ಸಲ ಹೇಳಿ ದಣಿದವರ ಮಾತು ಅದು.

'ದೇಶ ಮಾರಿದರು' ಅನ್ನೋ ಮಾತು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. ಗೋನಿ ತಮ್ಮ ಮೊದಲ ಅವಧಿಯಲ್ಲಿ ಎಣ್ಣೆ-ಅನಿಲ, ವಿದ್ಯುತ್, ದೂರವಾಣಿ, ರೈಲು, ವಿಮಾನ ಹೀಗೆ ದೊಡ್ಡ ಸರ್ಕಾರಿ ಕಂಪನಿಗಳ ಅರ್ಧ ಪಾಲನ್ನು ಆಡಳಿತದ ಸಮೇತ ವಿದೇಶಿ ಹೂಡಿಕೆದಾರರಿಗೆ ಕೊಟ್ಟರು. ಆ ಕಂಪನಿಗಳು ಹಾಕುವ ದುಡ್ಡು ದೇಶದೊಳಗೇ ಉಳಿಯುತ್ತದೆ, ಕೆಲಸ ಹುಟ್ಟುತ್ತದೆ ಅನ್ನೋದು ಲೆಕ್ಕ. ಹೂಡಿಕೆ ಬಂತು, ಹೇಳಿದಷ್ಟು ಕೆಲಸ ಬರಲಿಲ್ಲ. ಆಮೇಲೆ 1999ರಲ್ಲಿ ಕೊಚಬಾಂಬ ನಗರದ ನೀರು ಸರಬರಾಜನ್ನು ಅಮೆರಿಕದ ಬೆಕ್ಟೆಲ್ ಪಾಲುದಾರಿಕೆಯ ಕಂಪನಿಗೆ ಕೊಟ್ಟು, ನೀರಿನ ಬಿಲ್ಲು ಏರಿ, 2000ದಲ್ಲಿ ಜನ ಬೀದಿಗಿಳಿದು, ಕೊನೆಗೆ ಸರ್ಕಾರ ಆ ಒಪ್ಪಂದವನ್ನೇ ರದ್ದು ಮಾಡಬೇಕಾಯಿತು. ಆಗ ಅಧಿಕಾರದಲ್ಲಿದ್ದವರು ಗೋನಿ ಅಲ್ಲ, ಹ್ಯೂಗೋ ಬಾನ್ಸೆರ್. ಆದರೆ ಜನರ ಮನಸ್ಸಿನಲ್ಲಿ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡಿತ್ತು, ಅದರಲ್ಲಿ ತಪ್ಪೂ ಇರಲಿಲ್ಲ.

ಸಲಹೆಗಾರರು ಇದನ್ನೆಲ್ಲ ಕೇಳಿಸಿಕೊಂಡರು. ಸುಮ್ನೆ ಅಲ್ಲ, ಬರೆದುಕೊಂಡರು, ಎಣಿಸಿದರು, ವಯಸ್ಸು, ಊರು, ಆದಾಯ ಅಂತ ವಿಂಗಡಿಸಿದರು. ಆ ವರ್ಷ ಬೊಲಿವಿಯಾದ ಜನ ಏನು ಹೇಳುತ್ತಿದ್ದಾರೆ ಅನ್ನೋದನ್ನು ಅವರಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರು ಗೋನಿ ಪಕ್ಷದಲ್ಲಿ ಬೇರೆ ಯಾರೂ ಇರಲಿಲ್ಲ ಅಂತ ಚಿತ್ರ ನೋಡಿದರೆ ಅನ್ನಿಸುತ್ತದೆ. ನನ್ನ ಹೊಟ್ಟೆ ಉರಿಯೋದು ಇಲ್ಲೇ. ಅಷ್ಟು ಕೇಳಿಸಿಕೊಂಡಿದ್ದು ಬರೀ ಓಟಿನ ಲೆಕ್ಕಕ್ಕೆ ಬಳಕೆಯಾಯಿತು. ಈ ಜನರ ತಕರಾರು ಏನು, ಅದಕ್ಕೆ ಏನು ಮಾಡಬೇಕು ಅನ್ನೋದು ಮೇಜಿನ ಮೇಲಿದ್ದ ಪ್ರಶ್ನೆ ಆಗಿರಲೇ ಇಲ್ಲ. ಇಷ್ಟು ತಕರಾರು ಇಟ್ಟುಕೊಂಡೂ ಇವರಲ್ಲಿ ಎಷ್ಟು ಮಂದಿಯ ಓಟು ನಮಗೆ ಬೀಳಬಹುದು, ಅದಕ್ಕೆ ಯಾವ ಮಾತು ಬೇಕು ಅನ್ನೋದು ಪ್ರಶ್ನೆ.

ಅವರು ಕಂಡುಕೊಂಡ ಉತ್ತರವೇ ಚಿತ್ರದ ಹೆಸರು. ಜನರಿಗೆ ಗೋನಿ ಇಷ್ಟ ಇಲ್ಲ, ಇಷ್ಟ ಆಗೋ ಹಾಗೆ ಮಾಡೋಕೂ ಆಗಲ್ಲ. ಹಾಗಿದ್ದರೆ ಇಷ್ಟದ ಮಾತೇ ಬಿಡೋಣ, ದೇಶ ಬಿಕ್ಕಟ್ಟಿನಲ್ಲಿದೆ ಅನ್ನೋಣ, ಬಿಕ್ಕಟ್ಟನ್ನು ನಿಭಾಯಿಸಿ ಗೊತ್ತಿರೋದು ಈ ಒಬ್ಬ ಮನುಷ್ಯನಿಗೆ ಮಾತ್ರ ಅನ್ನೋಣ. ಹಣದುಬ್ಬರ ನಿಲ್ಲಿಸಿದವರು ಇವರೇ ತಾನೇ? ಸರಿ, ಜಾಹೀರಾತು, ಭಾಷಣ, ಟಿವಿ ಸಂದರ್ಶನ ಎಲ್ಲದರಲ್ಲೂ ಬಿಕ್ಕಟ್ಟು, ಬಿಕ್ಕಟ್ಟು, ಬಿಕ್ಕಟ್ಟು. ಜೊತೆಗೆ ಕೆಲಸ ಕೊಡುವ ಭರವಸೆ. ಹಿಂದಿನ ತಪ್ಪುಗಳ ಬಗ್ಗೆ ಸ್ವಲ್ಪ ತಗ್ಗಿ ಮಾತಾಡಿ ಅಂತ ಸಲಹೆಗಾರರು ಹೇಳಿದರೆ ಗೋನಿಗೆ ಅದು ಒಗ್ಗೋದಿಲ್ಲ. ತಾನು ಮಾಡಿದ್ದು ಸರಿ, ಜನರಿಗೆ ಅರ್ಥ ಆಗಿಲ್ಲ ಅಷ್ಟೇ ಅನ್ನೋ ಭಾವ ಅವರ ಮುಖದಲ್ಲೇ ಕಾಣುತ್ತದೆ. ಒಂದು ರೀತಿಯಲ್ಲಿ ಅಲ್ಲಿ ಗೋನಿ ಸಲಹೆಗಾರರಿಗಿಂತ ಪ್ರಾಮಾಣಿಕ. ಅನ್ನಿಸದೆ ಇದ್ದಿದ್ದನ್ನು ಅನ್ನಿಸಿದ ಹಾಗೆ ತೋರಿಸಲು ಅವರಿಂದ ಆಗುತ್ತಿಲ್ಲ.

ಇಲ್ಲಿ ಲೆಕ್ಕ ಗಮನಿಸಬೇಕು. ಕಣದಲ್ಲಿ ಹನ್ನೊಂದು ಅಭ್ಯರ್ಥಿಗಳಿದ್ದರು. ಅಂದಿನ ಬೊಲಿವಿಯಾ ಸಂವಿಧಾನದ ಪ್ರಕಾರ ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಸಂಸತ್ತು ಆರಿಸುತ್ತಿತ್ತು. ಜನರ ಮುಂದೆ ಎರಡನೇ ಸುತ್ತು ಇಲ್ಲ. ಅಂದರೆ ದೇಶದ ಮನಸ್ಸು ಗೆಲ್ಲುವ ಅಗತ್ಯವೇ ಇಲ್ಲ. ನಾಲ್ಕರಲ್ಲಿ ಒಬ್ಬರನ್ನು ಒಲಿಸಿಕೊಂಡರೆ ಸಾಕು, ಉಳಿದಿದ್ದನ್ನು ಪಕ್ಷಗಳು ಕೂತು ಮಾತಾಡಿಕೊಳ್ಳುತ್ತವೆ. ಇದರ ರುಚಿ ಗೋನಿಗೆ ಮೊದಲೇ ಗೊತ್ತಿತ್ತು. 1989ರಲ್ಲಿ ಅವರು ಮೊದಲ ಸ್ಥಾನದಲ್ಲಿದ್ದರೂ ಅಧ್ಯಕ್ಷರಾಗಿದ್ದು ಮೂರನೇ ಸ್ಥಾನದಲ್ಲಿದ್ದ ಹೈಮೆ ಪಾಜ್ ಸಮೋರಾ. ಆಗ ಮೂವರಲ್ಲಿ ಆರಿಸುವ ನಿಯಮ ಇತ್ತು. ಸಲಹೆಗಾರರು ಈ ನಿಯಮ ಮಾಡಿದವರಲ್ಲ. ಆದರೆ ನಿಯಮ ಹೀಗಿರುವಾಗ ಎಪ್ಪತ್ತೈದು ಜನರ ಸಿಟ್ಟನ್ನು ಬದಿಗಿಟ್ಟು ಇಪ್ಪತ್ತೈದು ಜನರ ಹಿಂದೆ ಬಿದ್ದರೂ ನಡೆಯುತ್ತದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸಮೀಕ್ಷೆಗಳಲ್ಲಿ ಬಹಳ ದಿನ ಮುಂದಿದ್ದವರು ಮಾನ್‌ಫ್ರೆಡ್ ರೆಯೆಸ್ ವಿಯಾ. ಕೊಚಬಾಂಬದ ಮಾಜಿ ಮೇಯರ್, ಹಿಂದೆ ಸೈನ್ಯದಲ್ಲಿದ್ದವರು, ನೋಡೋಕೆ ಚೆಂದ, ಮಾತು ಮೃದು. ಅವರನ್ನು ಕೆಳಗೆ ತರದೆ ಗೋನಿ ಮೇಲೆ ಬರೋ ಹಾಗಿರಲಿಲ್ಲ. ಆಸ್ತಿ ಹೇಗೆ ಬಂತು, ಸೈನ್ಯದಲ್ಲಿ ಏನು ಮಾಡುತ್ತಿದ್ದರು ಅಂತ ಪ್ರಶ್ನೆ ಎತ್ತುವ ನೆಗೆಟಿವ್ ಪ್ರಚಾರ ಶುರುವಾಯಿತು. ಈ ಚರ್ಚೆ ಚಿತ್ರದಲ್ಲಿ ನೇರವಾಗಿ ನಡೆಯುತ್ತದೆ, ಯಾರೂ ದನಿ ತಗ್ಗಿಸೋದಿಲ್ಲ. ಅವರಿಗೆ ಅದು ದಿನನಿತ್ಯದ ಕಸುಬು. ಪ್ರಚಾರ ಕೆಲಸ ಮಾಡಿತು, ರೆಯೆಸ್ ವಿಯಾ ಇಳಿದರು. ಆದರೆ ಇಳಿದ ಓಟೆಲ್ಲ ಗೋನಿ ಕಡೆ ಬರಲಿಲ್ಲ. ಸಲಹೆಗಾರರ ಕಣ್ಣು ರೆಯೆಸ್ ವಿಯಾ ಮೇಲೆ ಇದ್ದಾಗ ಬದಿಯಿಂದ ಇವೋ ಮೊರಾಲಿಸ್ ಏರುತ್ತಾ ಬಂದರು.

ಇವೋ ಅವರನ್ನು ಆ ಜನವರಿಯಲ್ಲಷ್ಟೇ ಸಂಸತ್ತಿನಿಂದ ಹೊರಹಾಕಿದ್ದರು. ಕೋಕಾ ರೈತರ ಹೋರಾಟ, ಒಕ್ಕೂಟಗಳು, ಹಳ್ಳಿ ಹಳ್ಳಿಯ ಸಭೆಗಳು, ಅವರ ಬಲ ಅದು. ಇದರ ಮೇಲೆ ಅಮೆರಿಕದ ರಾಯಭಾರಿ ಮಾನುಯೆಲ್ ರೋಚಾ ಚುನಾವಣೆಗೆ ಕೆಲವೇ ದಿನ ಇರುವಾಗ ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು: ಬೊಲಿವಿಯಾ ಮತ್ತೆ ಕೊಕೇನ್ ರಫ್ತು ಮಾಡಬೇಕು ಅನ್ನುವವರನ್ನು ಆರಿಸಿದರೆ ಅಮೆರಿಕದ ನೆರವಿಗೆ ಕುತ್ತು ಬರುತ್ತದೆ ಅಂತ. ಹೆಸರು ಹೇಳದಿದ್ದರೂ ಯಾರ ಬಗ್ಗೆ ಅಂತ ಇಡೀ ದೇಶಕ್ಕೆ ಗೊತ್ತಾಯಿತು. ಇವೋಗೆ ಬೀಳದೆ ಇದ್ದ ಎಷ್ಟೋ ಓಟು ಆ ಒಂದು ಮಾತಿಗೆ ಬಿದ್ದವು. ನಮ್ಮ ಅತ್ಯುತ್ತಮ ಪ್ರಚಾರಕ ರಾಯಭಾರಿಯೇ ಅಂತ ಇವೋ ಆಮೇಲೆ ಹೇಳಿಕೊಂಡರು. (ಇದೇ ರೋಚಾ ದಶಕಗಳ ಕಾಲ ಕ್ಯೂಬಾಕ್ಕೆ ಗುಟ್ಟಾಗಿ ಕೆಲಸ ಮಾಡಿದ್ದಾಗಿ ಒಪ್ಪಿಕೊಂಡು 2024ರಲ್ಲಿ ಅಮೆರಿಕದಲ್ಲೇ 15 ವರ್ಷದ ಜೈಲು ಶಿಕ್ಷೆಗೆ ಒಳಗಾದರು. ಸಾಕ್ಷ್ಯಚಿತ್ರ ಬಂದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಈಗ ನೋಡುವವರಿಗೆ ಆ ಭಾಗ ಬೇರೆಯೇ ಥರ ಕಾಣುತ್ತದೆ.)

ಫಲಿತಾಂಶ ಬಂತು. ಪಾಜ್ ಸಮೋರಾ ಪಕ್ಷದ ಬೆಂಬಲ ಹೊಂದಿಸಿಕೊಂಡು ಆಗಸ್ಟ್ 4ರಂದು ಸಂಸತ್ತಿನಲ್ಲಿ 84 ಓಟು ಪಡೆದು ಗೋನಿ ಅಧ್ಯಕ್ಷರಾದರು. ಎರಡನೇ ಸ್ಥಾನದಲ್ಲಿದ್ದ ಇವೋಗೆ ಬಂದಿದ್ದು 43. ಸಲಹೆಗಾರರ ಲೆಕ್ಕದಲ್ಲಿ ಇದು ದೊಡ್ಡ ಸಾಧನೆ, ನಿಜ. ಸಮೀಕ್ಷೆಗಳಲ್ಲಿ ಹಿಂದಿದ್ದ, ದೇಶದ ಬಹುಪಾಲು ಜನ ಬೇಡ ಅಂದಿದ್ದ ಅಭ್ಯರ್ಥಿಯನ್ನು ಗೆಲ್ಲಿಸಿದ್ದರು. ಪ್ರಚಾರದ ಪಾಠ ಹೇಳುವ ತರಗತಿಯಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು.

ಮುಂದಿನ ಕಥೆ ಚಿತ್ರದಲ್ಲಿ ಬೇಗ ಬೇಗ ಸರಿದು ಹೋಗುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊರತೆ ಬಜೆಟ್ಟನ್ನು ಸರಿ ಮಾಡಿ ಅಂತ ಅಂತಾರಾಷ್ಟ್ರೀಯ ಹಣಕಾಸು ನಿಧಿ ಪಟ್ಟು ಹಿಡಿದಿತ್ತು. 2003ರ ಫೆಬ್ರುವರಿಯಲ್ಲಿ ಗೋನಿ ಸರ್ಕಾರ ಸಂಬಳದ ಮೇಲೆ ಹೊಸ ತೆರಿಗೆ ಘೋಷಿಸಿತು, ಶೇಕಡಾ 12.5ರವರೆಗೆ. ಅದು ಬರೀ ದೊಡ್ಡ ಸಾಹುಕಾರರ ಮೇಲೆ ಬಿದ್ದ ತೆರಿಗೆಯಲ್ಲ, ಶಿಕ್ಷಕರು, ಪೊಲೀಸರು, ಗುಮಾಸ್ತರ ಮನೆಗೂ ತಟ್ಟುವಂಥದ್ದು. ಕೆಲಸ ಕೊಡುತ್ತೇನೆ ಅಂತ ಬಂದವರು ಮೊದಲು ಕೈ ಹಾಕಿದ್ದು ಸಂಬಳಕ್ಕೆ. ಪೊಲೀಸರು ದಂಗೆ ಎದ್ದರು. ಲಾ ಪಾಜ್ ನಗರದ ಮುರಿಯೋ ಚೌಕದಲ್ಲಿ, ಅಧ್ಯಕ್ಷರ ಭವನದ ಎದುರೇ, ಪೊಲೀಸರೂ ಸೈನಿಕರೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಎರಡು ದಿನದಲ್ಲಿ ಸುಮಾರು ಮೂವತ್ತು ಜನ ಸತ್ತರು. ತೆರಿಗೆಯನ್ನು ವಾಪಸ್ ತೆಗೆದುಕೊಂಡರು.

ಆಮೇಲೆ ಅನಿಲ. ತೊಂಬತ್ತರ ದಶಕದ ಕೊನೆಯಲ್ಲಿ ಬೊಲಿವಿಯಾದ ದಕ್ಷಿಣದಲ್ಲಿ ಭಾರಿ ನೈಸರ್ಗಿಕ ಅನಿಲ ಸಿಕ್ಕಿತ್ತು. ಅದನ್ನು ಚಿಲಿಯ ಬಂದರಿನ ಮೂಲಕ ಅಮೆರಿಕ, ಮೆಕ್ಸಿಕೋ ಕಡೆಗೆ ಸಾಗಿಸುವ ಯೋಜನೆ. ಚಿಲಿ ಅಂದರೆ ಬೊಲಿವಿಯಾದವರಿಗೆ ಸುಮ್ನೆ ಪಕ್ಕದ ದೇಶ ಅಲ್ಲ. 1879ರಲ್ಲಿ ಶುರುವಾದ ಯುದ್ಧದಲ್ಲಿ ಬೊಲಿವಿಯಾದ ಸಮುದ್ರ ತೀರವನ್ನು ಪೂರ್ತಿ ಕಿತ್ತುಕೊಂಡ ದೇಶ. ಅಲ್ಲಿನ ಮಕ್ಕಳು ಶಾಲೆಯಲ್ಲಿ ಇದನ್ನು ಕಲಿತೇ ಬೆಳೆಯುತ್ತಾರೆ. ಮೇಲಾಗಿ, ಗೋನಿಯ ಮೊದಲ ಅವಧಿಯ ಕಾನೂನಿನ ಪ್ರಕಾರ ಹೊಸ ಅನಿಲ ಬಾವಿಗಳಿಂದ ಸರ್ಕಾರಕ್ಕೆ ಬರುವ ರಾಯಧನ ಶೇಕಡಾ 18 ಮಾತ್ರ. ಬೆಳ್ಳಿ ಹೋಯಿತು, ತವರ ಹೋಯಿತು, ಈಗ ಇದೂ ಹೋಗುತ್ತೆ ಅಂತ ಎಲ್ ಆಲ್ಟೋದ ಜನಕ್ಕೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ಆ ಜನರಲ್ಲಿ ಎಷ್ಟೋ ಮಂದಿ ತವರದ ಗಣಿಯಿಂದಲೇ ಬಂದವರು.

ಪ್ರತಿಭಟನೆ ಎದ್ದಿತು. ಸೆಪ್ಟೆಂಬರ್ 20ರಂದು ವರಿಸಾತ ಎಂಬ ಊರಿನಲ್ಲಿ ಸೈನ್ಯ ಗುಂಡು ಹಾರಿಸಿತು. ಮನೆಯೊಳಗಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಸತ್ತಳು. ಅಕ್ಟೋಬರಿನಲ್ಲಿ ಎಲ್ ಆಲ್ಟೋ ಪೂರ್ತಿ ಬಂದ್ ಆಯಿತು. ಬೀದಿಗಳಲ್ಲಿ ಕಂದಕ ತೋಡಿದರು, ಕಲ್ಲು ಪೇರಿಸಿದರು. ಲಾ ಪಾಜ್ ಇರುವುದು ಕೆಳಗಿನ ಬಟ್ಟಲಿನಲ್ಲಿ, ಅದಕ್ಕೆ ಪೆಟ್ರೋಲು, ಅಡುಗೆ ಅನಿಲ ಹೋಗಬೇಕಾದರೆ ಎಲ್ ಆಲ್ಟೋ ದಾಟಿಯೇ ಹೋಗಬೇಕು. ಸೈನ್ಯದ ಕಾವಲಿನಲ್ಲಿ ಟ್ಯಾಂಕರ್‌ಗಳನ್ನು ನುಗ್ಗಿಸಿದರು, ದಾರಿಯುದ್ದಕ್ಕೂ ಗುಂಡು ಹಾರಿತು. ಆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಪತ್ರಕರ್ತರಾಗಿದ್ದು ಉಪಾಧ್ಯಕ್ಷರಾದ ಕಾರ್ಲೋಸ್ ಮೆಸಾ ಇದಕ್ಕೆ ನನ್ನ ಬೆಂಬಲ ಇಲ್ಲ ಅಂತ ದೂರ ಸರಿದರು. ಅಕ್ಟೋಬರ್ 17ರಂದು ಗೋನಿ ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಹೋದರು. 2005ರ ಡಿಸೆಂಬರಿನಲ್ಲಿ ಇವೋ ಮೊರಾಲಿಸ್ ಶೇಕಡಾ 53ಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಅವರಿಗೆ ಸಂಸತ್ತಿನ ಚೌಕಾಸಿಯ ಅಗತ್ಯವೇ ಬೀಳಲಿಲ್ಲ.

ಈ ಸಾವುಗಳಿಗೆ ಸಲಹೆಗಾರರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಗುಂಡು ಹಾರಿಸಲು ಹೇಳಿದವರು ಅವರಲ್ಲ, ತೆರಿಗೆ ಹಾಕಿದವರೂ ಅವರಲ್ಲ. ಆದರೆ ಗಾಜಿನ ಆಚೆ ಕೂತಿದ್ದ ಜನ 2002ರಲ್ಲಿ ಹೇಳಿದ್ದನ್ನೂ 2003ರಲ್ಲಿ ಎಲ್ ಆಲ್ಟೋದ ಬೀದಿಯಲ್ಲಿ ಕೂಗಿದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ. ದೇಶದ ಆಸ್ತಿ ಮಾರಬೇಡಿ. ನಮ್ಮನ್ನು ಕೇಳಿ ಮಾಡಿ. ಚುನಾವಣೆಗೆ ಮುಂಚೆ ಸಮೀಕ್ಷೆಗೆ, ಫೋಕಸ್ ಗ್ರೂಪಿಗೆ ಅಷ್ಟು ದುಡ್ಡು ಸುರಿದ ಪಕ್ಷ, ಗೆದ್ದ ಮೇಲೆ ಅನಿಲದ ಬಗ್ಗೆ, ತೆರಿಗೆಯ ಬಗ್ಗೆ ಅದೇ ಜನರನ್ನು ಮತ್ತೆ ಅದೇ ಥರ ಕೂರಿಸಿಕೊಂಡು ಕೇಳಿ, ಕೇಳಿದ ಹಾಗೆ ನಡೆದುಕೊಂಡಿದ್ದರೆ? ಈ ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಗೋನಿ ಬಿದ್ದ ಮೇಲೆ 2004ರಲ್ಲಿ ಮೆಸಾ ಅನಿಲದ ಬಗ್ಗೆಯೇ ಜನಮತ ಗಣನೆ ಮಾಡಿಸಿದರು. ಆಗೋದೇ ಇಲ್ಲ ಅನ್ನುವಂಥ ಕೆಲಸವೇನೂ ಅದಾಗಿರಲಿಲ್ಲ.

ಗೋನಿ ಬಿದ್ದ ಮೇಲೆ ರೋಸ್ನರ್ ಮತ್ತೆ ಕ್ಯಾಮೆರಾ ಮುಂದೆ ಕೂರುತ್ತಾರೆ. ಪ್ರಚಾರದ ಸಮಯದ ಹುರುಪು ಮುಖದಲ್ಲಿ ಇರೋದಿಲ್ಲ. ಬೇಸರ ಕಾಣುತ್ತದೆ. ಆದರೂ ತಾವು ಮಾಡಿದ ಕೆಲಸದ ಮೇಲಿನ ನಂಬಿಕೆ ಪೂರ್ತಿ ಹೋಗಿರೋದಿಲ್ಲ. ಆ ಬೇಸರ ನಾಟಕ ಅಂತ ನನಗೆ ಅನ್ನಿಸಲಿಲ್ಲ. ಆದರೆ ಅವರು ಅದನ್ನು ಹೇಳುತ್ತಿರೋದು ಅಮೆರಿಕದಲ್ಲಿ ಕೂತು. ಪರದೇಶದ ಸಲಹೆಗಾರರ ಬಗ್ಗೆ ನನ್ನ ಮುಖ್ಯ ತಕರಾರು ಇದು. ಒಳ್ಳೆಯ ಮನಸ್ಸಿನವರೇ ಇರಲಿ, ಜಾಣರೇ ಇರಲಿ, ಫಲಿತಾಂಶದ ಮಾರನೇ ದಿನ ವಿಮಾನ ಹತ್ತುತ್ತಾರೆ. ಅವರು ಗೆಲ್ಲಿಸಿಕೊಟ್ಟ ಸರ್ಕಾರ ಹಾಕುವ ತೆರಿಗೆ ಅವರ ಸಂಬಳದಲ್ಲಿ ಕಡಿತ ಆಗೋದಿಲ್ಲ, ಅವರ ಮಕ್ಕಳು ಆ ಊರಿನ ಬೀದಿಯಲ್ಲಿ ಓಡಾಡೋದಿಲ್ಲ. ತಾವೇ ಬರೆದ ಘೋಷಣೆಯ ಕೆಳಗೆ ಬದುಕುವ ಪ್ರಸಂಗ ಅವರಿಗೆ ಬರೋದೇ ಇಲ್ಲ.

2015ರ ಕಥಾಚಿತ್ರ ಈ ತಕರಾರಿಗೆ ಒಂದು ಸಮಾಧಾನ ಕೊಡಲು ನೋಡುತ್ತದೆ. ಡೇವಿಡ್ ಗಾರ್ಡನ್ ಗ್ರೀನ್ ನಿರ್ದೇಶನ, ನಿರ್ಮಾಪಕರಲ್ಲಿ ಜಾರ್ಜ್ ಕ್ಲೂನಿ ಒಬ್ಬರು. ಮುಖ್ಯ ಪಾತ್ರವನ್ನು ಮೊದಲು ಗಂಡಸಿಗಾಗಿ ಬರೆದಿದ್ದರು, ಆಮೇಲೆ ಸ್ಯಾಂಡ್ರಾ ಬುಲಕ್‌ಗಾಗಿ ಬದಲಿಸಿದರು. ದೇಶ ಬೊಲಿವಿಯಾನೇ, ಆದರೆ ಅಭ್ಯರ್ಥಿಯ ಹೆಸರು ಕಾಸ್ತಿಯೋ, ಕಥೆ ಕಲ್ಪನೆ. ಎದುರಾಳಿ ಅಭ್ಯರ್ಥಿಗೂ ಒಬ್ಬ ಅಮೆರಿಕದ ಸಲಹೆಗಾರ, ಆ ಪಾತ್ರ ಬಿಲ್ಲಿ ಬಾಬ್ ಥಾರ್ನ್‌ಟನ್ ಅವರದು. ಅಲ್ಲಿಗೆ ಇದು ಇಬ್ಬರು ಅಮೆರಿಕನ್ನರ ಹಳೇ ಜಿದ್ದಿನ ಕಥೆಯಾಗಿಬಿಡುತ್ತದೆ, ಬೊಲಿವಿಯಾ ಅದರ ಹಿನ್ನೆಲೆಗೆ ಸರಿಯುತ್ತದೆ. ಬುಲಕ್ ಚೆನ್ನಾಗಿ ನಟಿಸಿದ್ದಾರೆ. ಅಭ್ಯರ್ಥಿಯನ್ನು ಮನಸಾರೆ ನಂಬಿದ ಒಬ್ಬ ಬಡ ಹುಡುಗನ ಪಾತ್ರ ಚಿತ್ರದ ಜೀವ. ಆದರೆ ಕೊನೆಗೆ ನಾಯಕಿ ಕಾರಿನಿಂದಿಳಿದು ಪ್ರತಿಭಟನೆಯವರ ಜೊತೆ ಸೇರಿಕೊಳ್ಳುತ್ತಾಳೆ. ನೋಡುವವರ ಮನಸ್ಸು ಹಗುರ ಆಗುತ್ತದೆ. 2003ರಲ್ಲಿ ಹಾಗೇನೂ ಆಗಲಿಲ್ಲ.

ಆಗಿದ್ದು ಬೇರೆ, ಬಹಳ ನಿಧಾನ. ಬೊಲಿವಿಯಾದ ನ್ಯಾಯಾಲಯ 2011ರಲ್ಲಿ ಸೈನ್ಯದ ಹಿರಿಯ ಅಧಿಕಾರಿಗಳನ್ನೂ ಇಬ್ಬರು ಮಾಜಿ ಸಚಿವರನ್ನೂ ತಪ್ಪಿತಸ್ಥರು ಅಂದಿತು. ಗೋನಿಯನ್ನು ಒಪ್ಪಿಸಲು ಅಮೆರಿಕ ಒಪ್ಪಲಿಲ್ಲ. ಸತ್ತವರ ಪೈಕಿ ಎಂಟು ಮಂದಿಯ ಮನೆಯವರು ಅಮೆರಿಕದಲ್ಲೇ ಗೋನಿ ಮೇಲೂ ಅವರ ರಕ್ಷಣಾ ಸಚಿವರ ಮೇಲೂ ಸಿವಿಲ್ ದಾವೆ ಹೂಡಿದರು. 2018ರಲ್ಲಿ ಫ್ಲಾರಿಡಾದ ಜ್ಯೂರಿ ಅವರಿಬ್ಬರನ್ನು ಹೊಣೆಗಾರರು ಅಂತ ಹೇಳಿ ಒಂದು ಕೋಟಿ ಡಾಲರ್ ಪರಿಹಾರ ಕೊಡಿಸಿತು. ನ್ಯಾಯಾಧೀಶರು ಅದನ್ನು ಬದಿಗಿಟ್ಟರು, ಮೇಲಿನ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು, ಆಮೇಲೆ ಜ್ಯೂರಿಯ ತೀರ್ಪು ಮತ್ತೆ ಊರ್ಜಿತವಾಯಿತು, ಕೊನೆಗೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು. ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದ ಐಮರಾ ಹಳ್ಳಿಯ ಜನ, ತಮ್ಮ ಮಾಜಿ ಅಧ್ಯಕ್ಷರ ಎದುರು ಪರದೇಶದ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದರು. ನನ್ನ ಪ್ರಕಾರ ನಿಜವಾದ ಸಿನಿಮಾ ಅಲ್ಲಿದೆ.

ಇಷ್ಟೆಲ್ಲ ಬರೆಯುವಾಗ ನಮ್ಮ ರಾಜ್ಯ ನೆನಪಾಗದೆ ಇರೋದಿಲ್ಲ. ಈ ಕಸುಬು ಈಗ ನಮ್ಮಲ್ಲೂ ಬೇರು ಬಿಟ್ಟಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿಯ ಮುಖವಿದ್ದ 'ಪೇಸಿಎಂ' ಪೋಸ್ಟರುಗಳು ಬಂದಿದ್ದು, ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಶೇಕಡಾ 40 ಕಮಿಷನ್ ಆರೋಪದ ವೆಬ್‌ಸೈಟು ತೆರೆಯುತ್ತಿದ್ದದ್ದು ಎಲ್ಲರಿಗೂ ನೆನಪಿರಬೇಕು. 2023ರಲ್ಲಿ ಕಾಂಗ್ರೆಸ್ ಪ್ರಚಾರದ ತಂತ್ರ ಹೆಣೆದ ಸುನೀಲ್ ಕನುಗೋಲು ಬಳ್ಳಾರಿ ಮೂಲದವರು, ಗೆದ್ದ ಮೇಲೆ ಮುಖ್ಯಮಂತ್ರಿಯ ಸಲಹೆಗಾರರೂ ಆದರು. ಇಲ್ಲಿ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಆ ಪ್ರಚಾರದ ಹೃದಯದಲ್ಲಿ ಐದು ಗ್ಯಾರಂಟಿಗಳಿದ್ದವು, ಇಂತಿಷ್ಟು ರೂಪಾಯಿ, ಇಂತಿಷ್ಟು ಯೂನಿಟ್, ಇಂತಿಷ್ಟು ಕೆ.ಜಿ. ಅಂತ. ಆ ಯೋಜನೆಗಳನ್ನು ಮೆಚ್ಚಿ, ಬಿಡಿ, ಈ ತಿಂಗಳ ದುಡ್ಡು ಯಾಕೆ ಬಂದಿಲ್ಲ ಅಂತ ಮನೆಯ ಹೆಂಗಸು ಕೇಳಬಹುದು, ಕೇಳುತ್ತಿದ್ದಾರೆ ಕೂಡ. 'ಬಿಕ್ಕಟ್ಟು' ಅಂತ ಓಟು ಕೇಳಿದವರನ್ನು ಏನಂತ ಕೇಳೋದು?

ಆದರೆ ನಮ್ಮ ಪಕ್ಷಗಳ ವಾರ್ ರೂಮುಗಳಲ್ಲಿ ಏನು ನಡೆಯುತ್ತದೆ ಅನ್ನೋದನ್ನು ನಾವು ಯಾರೂ ನೋಡಿಲ್ಲ. ನಮ್ಮ ಊರಿನ ಬಗ್ಗೆ, ಜಾತಿಯ ಬಗ್ಗೆ, ನಮ್ಮ ಸಿಟ್ಟಿನ ಬಗ್ಗೆ ಅಲ್ಲಿ ಯಾವ ಪಟ್ಟಿ ಇದೆ, ಗೆದ್ದ ಮೇಲೆ ಆ ಪಟ್ಟಿ ಯಾರ ಮೇಜಿನ ಮೇಲೆ ಹೋಗುತ್ತದೆ? ಬಾಯ್ಂಟನ್ ಮಾಡಿದಂಥ ಚಿತ್ರವನ್ನು ಕನ್ನಡದಲ್ಲಿ ಯಾರಾದರೂ ಮಾಡಬೇಕು. ನಮ್ಮಲ್ಲಿ ಒಳ್ಳೆಯ ಸಾಕ್ಷ್ಯಚಿತ್ರ ಮಾಡುವ ಹುಡುಗ ಹುಡುಗಿಯರಿದ್ದಾರೆ. 2028ರ ವಿಧಾನಸಭೆ ಚುನಾವಣೆಗೆ ಮುಂಚೆ ಯಾವುದಾದರೂ ಒಂದು ಪಕ್ಷವನ್ನು ಕೇಳಿ ನೋಡಲಿ. ವಾಷಿಂಗ್ಟನ್ನಿನ ಆ ಸಂಸ್ಥೆ ಕ್ಯಾಮೆರಾವನ್ನು ಒಳಗೆ ಬಿಟ್ಟುಕೊಂಡಿತ್ತು, ಆ ಒಂದು ವಿಷಯಕ್ಕೆ ಅವರಿಗೆ ನನ್ನ ಮೆಚ್ಚುಗೆ ಇದೆ. ನಮ್ಮಲ್ಲಿ ಯಾರು ಬಿಡುತ್ತಾರೆ ನೋಡೋಣ.